ರೆಫರಿಯ ಎಡಗಿವಿ

ವಾರವೆಲ್ಲ ಕನ್ನಡಕದ ಗಾಜು ಉಜ್ಜುತ್ತ ಕೂತಿರುವ ಮನುಷ್ಯನನ್ನು ಭಾನುವಾರ ಊರೇ ಸೇರಿ ಕುರುಡ ಎಂದು ಬೈದರೆ ಅವನಿಗೆ ಹೇಗಾಗಬೇಡ? ರೆಫರಿಗೆ ಏನೂ ಆಗುತ್ತಿರಲಿಲ್ಲ. ಅದು ಅವನಿಗೆ ಅಭ್ಯಾಸವಾಗಿ ಹೋಗಿತ್ತು.

ಪೇಟೆಬೀದಿಯ ತಿರುವಿನಲ್ಲಿದ್ದ ಕನ್ನಡಕದ ಅಂಗಡಿ ಗಂಡಹೆಂಡಿರಿಬ್ಬರದು. ಮುಂದಿನ ಕೋಣೆಯಲ್ಲಿ ಹೆಂಡತಿ ಗಿರಾಕಿಗಳ ಕಣ್ಣು ಪರೀಕ್ಷಿಸಿ ಫ್ರೇಮು ಆರಿಸಿಕೊಡುವಳು. ಹಿಂದಿನ ಕೋಣೆಯಲ್ಲಿ ಗಂಡ ಗಾಜನ್ನು ಫ್ರೇಮಿನ ಅಳತೆಗೆ ಉಜ್ಜಿ ಕೂರಿಸುವನು. ಭಾನುವಾರ ಬಂತೆಂದರೆ ಕಪ್ಪು ಅಂಗಿ, ಕಪ್ಪು ಚಡ್ಡಿ, ಕೊರಳಲ್ಲಿ ಸೀಟಿ. ಫುಟ್‌ಬಾಲ್ ಮೈದಾನದಲ್ಲಿ ಅವನು ಊದಿದ್ದೇ ಶಾಸನ. ಸೋತ ಕಡೆಯವರು, ಅಂಗಡಿಯಲ್ಲಿ ಅಷ್ಟು ಕನ್ನಡಕ ಇರುವಾಗ ಒಂದನ್ನಾದರೂ ಹಾಕಿಕೊಂಡು ಬರಬಾರದೇ ಎಂದು ಕೂಗುವರು. ಅವನು ಕಿವಿಯ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ. ಒಮ್ಮೆ ಕೊಟ್ಟ ತೀರ್ಪನ್ನು ಬದಲಿಸಿದ ಚರಿತ್ರೆಯೇ ಅವನಿಗಿರಲಿಲ್ಲ. ಮನೆಯಲ್ಲೂ ಅದೇ ಕಥೆ ಎಂಬುದು ಹೆಂಡತಿಯ ದೂರು. "ಅಡುಗೆಗೆ ಉಪ್ಪು ಕಮ್ಮಿ ಅಂತ ಇವರು ಒಂದ್ಸಲ ಅಂದ್ರೆ ಮುಗೀತು. ಆಮೇಲೆ ಸಮುದ್ರಾನೇ ಸುರಿದ್ರೂ ಕಮ್ಮಿಯೇ" ಎಂದು ಅವಳು ಗಿರಾಕಿಗಳ ಮುಂದೆಯೇ ಹೇಳುವಳು.

ಒಂದು ಪಂದ್ಯದಲ್ಲಿ ಯಾರದೋ ಬೂಟು ಅವನ ಮೊಣಕಾಲ ಕೆಳಗೆ ಗೀರಿತು. ತರಚು ಗಾಯ, ಅದಕ್ಕೇನು ಮಹಾ ಎಂದು ಬಟ್ಟೆ ಸುತ್ತಿಕೊಂಡು ಉಳಿದ ಆಟವನ್ನೂ ನಡೆಸಿಕೊಟ್ಟ. ಗಾಯ ಕೀವಾಯಿತು, ನಂಜು ರಕ್ತಕ್ಕೆ ಇಳಿಯಿತು, ಮೈ ಕಾದ ಹಂಚಾಯಿತು. ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಬಿದ್ದವನಿಗೆ ಡಾಕ್ಟರುಗಳು ಇದ್ದುದರಲ್ಲೇ ಬಲವಾದ ಇಂಜೆಕ್ಷನ್ನುಗಳನ್ನು ಕೊಟ್ಟು, ಹೊರಟಿದ್ದ ಜೀವವನ್ನು ಜುಟ್ಟು ಹಿಡಿದು ವಾಪಸು ಎಳೆತಂದರು. ಆ ದಿನಗಳಲ್ಲಿ ಹೆಂಡತಿ ಒಂದೇ ಒಂದು ತಮಾಷೆಯ ಮಾತಾಡಲಿಲ್ಲ. ಎಚ್ಚರವಾದ ಮೇಲೆ ರೆಫರಿಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಅದೇ.

ಮನೆಗೆ ಬಂದ ಮೇಲೆ ಬೇರೆಯದೇ ಆಟ ಶುರುವಾಯಿತು. ಕೂತರೆ ಎಲ್ಲ ಸರಿ. ಎದ್ದು ನಾಲ್ಕು ಹೆಜ್ಜೆ ಇಟ್ಟರೆ ಸಾಕು, ಬೀದಿಗೆ ಬೀದಿಯೇ ಕುಣಿಯುತ್ತಿತ್ತು. ಎದುರಂಗಡಿಯ ಬೋರ್ಡು, ದೀಪದ ಕಂಬ, ಬರುವವರ ಮುಖ, ಎಲ್ಲ ಹೆಜ್ಜೆಹೆಜ್ಜೆಗೂ ಮೇಲೆ ಕೆಳಗೆ ನೆಗೆಯುತ್ತಿದ್ದವು. ಅವನು ನಿಂತರೆ ಅವೂ ನಿಲ್ಲುತ್ತಿದ್ದವು. ಕಾಯಿಲೆಯ ನಿತ್ರಾಣ, ಹೊಟ್ಟೆತುಂಬ ಉಂಡರೆ ಹೋಗುತ್ತದೆ ಎಂದುಕೊಂಡ. ಹೋಗಲಿಲ್ಲ. ಕತ್ತಲಾದರಂತೂ ನೆಲ ಎಲ್ಲಿದೆ ಎಂಬುದೇ ಕಾಲಿಗೆ ತಿಳಿಯುತ್ತಿರಲಿಲ್ಲ. ಒಂದು ಬೆಳಿಗ್ಗೆ ಬಚ್ಚಲಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದ್ದೇ ತಡ, ದಡಾರನೆ ಗೋಡೆಗೆ ಬಡಿದು ಕೆಳಗೆ ಕೂತ. ಹೆಂಡತಿ ಬಾಗಿಲಾಚೆಯಿಂದ ಏನದು ಸದ್ದು ಎಂದಳು. ಸೋಪು ಬಿತ್ತು ಎಂದ.

"ಸೋಪು ಇಷ್ಟು ಭಾರ ಯಾವಾಗಾಯ್ತು?" ಎಂದಳು ಅವಳು. ಆಮೇಲೆ ಬಾಗಿಲು ತೆಗೆಸಿ, ಅವನ ಬೆನ್ನು ಉಜ್ಜಿ ನೀರು ಹಾಕಿದಳು.

ಬೀದಿಯವರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಅವರ ಕಣ್ಣಿಗೆ ಬಿದ್ದದ್ದು ಗೋಡೆ ಹಿಡಿದು, ಕಾಲು ಅಗಲಿಸಿ, ಅತ್ತ ಇತ್ತ ವಾಲುತ್ತ ಹಾಡಹಗಲೇ ನಡೆಯುವ ರೆಫರಿ. ಸಾವಿನ ಬಾಯಿಂದ ಬಂದವನು ಕುಡಿತಕ್ಕೆ ಬಿದ್ದ ಎಂಬ ಸುದ್ದಿ ಒಂದು ಬಾಯಿಂದ ಹತ್ತು ಬಾಯಿಗೆ ಹೋಗಿ, ಕೊನೆಗೆ ಬಾಮೈದನ ಕಿವಿಗೂ ಮುಟ್ಟಿತು. ಈ ಬಾಮೈದ, ಹೆಂಡತಿಯ ತಮ್ಮ, ಟೈರಿನ ಅಂಗಡಿಯವನು. ಒಂದು ಕಾಲದಲ್ಲಿ ಊರ ತಂಡದ ಫಾರ್ವರ್ಡ್ ಆಗಿ ಆಡಿ ಮೊಣಕಾಲು ಸವೆಸಿಕೊಂಡಿದ್ದ. ಆತ ಒಳ್ಳೆಯ ಅಂಗಿ ತೊಟ್ಟು, ಮುಖ ಗಂಭೀರ ಮಾಡಿಕೊಂಡು ಬಂದು ಭಾವನ ಎದುರು ಕೂತ. ಜೀವನ ಅಂದರೆ ಗೆಲುವು ಸೋಲು ಎರಡೂ ಇರುತ್ತವೆ, ಬಾಟಲಿ ಯಾವುದಕ್ಕೂ ಮದ್ದಲ್ಲ, ಅಕ್ಕನ ಮುಖವನ್ನಾದರೂ ನೋಡಬೇಕು ಎಂದು ಬಹಳ ಹೊತ್ತು ಬುದ್ಧಿ ಹೇಳಿದ. ಹೆಂಡತಿ ಬಾಗಿಲಿಗೆ ಒರಗಿಕೊಂಡು, ತಡೆಯದೆ, ಪೂರ್ತಿ ಕೇಳಿಸಿಕೊಂಡಳು. ಮುಗಿದ ಮೇಲೆ, "ಚೆನ್ನಾಗಿ ಹೇಳ್ದೆ ಕಣೋ. ಇವರು ಕುಡಿಯಲ್ಲ. ನೀನು ಮಾತ್ರ ಇದನ್ನೆಲ್ಲ ನೆನಪಲ್ಲಿಟ್ಕೋ" ಎಂದು ಒಳಗೆ ಹೋದಳು.

ಬೇಡ ಬೇಡ ಎಂದು ಹೆಂಡತಿ ಎಷ್ಟು ಹೇಳಿದರೂ ಕೇಳದೆ ಅವನು ಮತ್ತೆ ಮೈದಾನಕ್ಕೆ ಇಳಿದ. ನಿಂತಲ್ಲಿ ನಿಂತು ನೋಡಿದಾಗ ಆಟಗಾರರು ಆಟಗಾರರಂತೆಯೇ ಇದ್ದರು. ಚೆಂಡಿನ ಹಿಂದೆ ಓಡಲು ತೊಡಗಿದೊಡನೆ ಮೈದಾನ ಮೊರದಲ್ಲಿ ಹಾಕಿ ಕೇರಿದ ಹಾಗಾಯಿತು. ಚೆಂಡು ಒಂದೋ ನಾಲ್ಕೋ ತಿಳಿಯದು. ಗೋಲಿನ ಮುಂದೆ ಗುಂಪು ಕಟ್ಟಿತು, ಯಾರೋ ಒದ್ದರು, ಜನ ಹೋ ಎಂದರು. ಜನರ ಕೂಗನ್ನು ನಂಬಿ ರೆಫರಿ ಗೋಲು ಎಂದು ಸೀಟಿ ಊದಿದ. ಎರಡೂ ತಂಡದವರು ಒಟ್ಟಿಗೆ ತಿರುಗಿ ಅವನ ಮುಖ ನೋಡಿದರು. ಚೆಂಡು ಬಲೆಯ ಹೊರಗೆ, ಹುಲ್ಲಿನ ಮೇಲೆ, ಯಾರ ಗೊಡವೆಯೂ ಇಲ್ಲದೆ ಬಿದ್ದಿತ್ತು. ಗೋಲು ಪಡೆದವರಿಗೇ ನಾಚಿಕೆಯಾಗಿ ಬೇಡ ಎಂದುಬಿಟ್ಟರು.

ಅವನು ಕೊರಳಿನ ಸೀಟಿ ತೆಗೆದು ಲೈನ್ಸ್‌ಮನ್ ಕೈಗಿಟ್ಟು ಹೊರಗೆ ನಡೆದ. ಆ ದಿನ ಯಾರೂ ಕುರುಡ ಎಂದು ಕೂಗಲಿಲ್ಲ. ಸುಳ್ಳಾಗಿದ್ದಾಗ ನಗುನಗುತ್ತ ಕೂಗುತ್ತಿದ್ದವರಿಗೆ ನಿಜವಾದಾಗ ಬಾಯಿ ಬರಲಿಲ್ಲ. ಆ ಮೌನವನ್ನು ದಾಟಿ ಗೇಟಿನವರೆಗೆ ಹೋಗುವುದು ಅವನಿಗೆ ಓಡುವುದಕ್ಕಿಂತ ಕಷ್ಟವಾಯಿತು.

ಮಾರನೆಯ ದಿನ ಹೆಂಡತಿ ಅಂಗಡಿ ತೆರೆಯುವ ಮುಂಚೆ ಅವನನ್ನು ಗಿರಾಕಿಯ ಕುರ್ಚಿಯಲ್ಲಿ ಕೂರಿಸಿದಳು. ಅಕ್ಷರದ ಹಲಗೆಯ ಕಟ್ಟಕಡೆಯ ಸಾಲನ್ನೂ ಅವನು ಪಟಪಟ ಓದಿದ. ಈಗ ತಲೆ ಅಲ್ಲಾಡಿಸುತ್ತ ಓದಿ ಎಂದಳು. ಮೊದಲ ಸಾಲಿನ ದಪ್ಪ ಅಕ್ಷರವೇ ಕಲಸಿಹೋಯಿತು. ಅವಳು ಹಲಗೆಯ ದೀಪ ಆರಿಸಿ, ಇದು ನಮ್ಮಂಗಡಿಯ ಕಾಯಿಲೆ ಅಲ್ಲ ಎಂದು ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ಡಾಕ್ಟರು ಅವನನ್ನು ತಿರುಗುವ ಕುರ್ಚಿಯಲ್ಲಿ ಕೂರಿಸಿ ತಿರುಗಿಸಿದರು, ಕಿವಿಯೊಳಗೆ ತಣ್ಣೀರು ಬಿಸಿನೀರು ಬಿಟ್ಟು ನೋಡಿದರು. ಬೇರೆಯವರಿಗೆ ಲೋಕವೇ ತಿರುಗಿಬಿಡುವಂಥ ಕಡೆ ಅವನಿಗೆ ಕಿವಿ ಒದ್ದೆಯಾದದ್ದಷ್ಟೇ ಗೊತ್ತಾಯಿತು. ಆಮೇಲೆ ಬಿಡಿಸಿ ಹೇಳಿದರು. ಕಿವಿಯ ಒಳಗೆ, ಕೇಳುವ ಭಾಗದ ಪಕ್ಕದಲ್ಲೇ, ಬಳೆಯಾಕಾರದ ಮೂರು ಸಣ್ಣ ಕೊಳವೆಗಳಿವೆ. ತಲೆ ಯಾವ ಕಡೆ ಎಷ್ಟು ತಿರುಗಿತು ಎಂದು ಅವು ನರದ ಮೂಲಕ ಮೆದುಳಿಗೆ ಹೇಳುತ್ತವೆ. ಆ ಮಾತು ಕೇಳಿಯೇ ಕಣ್ಣು ದೃಷ್ಟಿಯನ್ನು ಅಲುಗದಂತೆ ಹಿಡಿಯುವುದು, ಕಾಲು ನೆಲ ಕಂಡುಕೊಳ್ಳುವುದು. ಅವನ ಎರಡೂ ಕಿವಿಗಳಲ್ಲಿ ಅವು ಸುಮ್ಮನಾಗಿದ್ದವು. ಜೀವ ಉಳಿಸಿದ ಇಂಜೆಕ್ಷನ್ನೇ ಅದನ್ನೂ ಮಾಡಿತ್ತು. ಕೊಡದಿದ್ದರೆ ಇವತ್ತು ವಾಲುವುದಕ್ಕೂ ಅವನು ಇರುತ್ತಿರಲಿಲ್ಲ.

ತಿಂಗಳುಗಟ್ಟಲೆ ವ್ಯಾಯಾಮ ಮಾಡಿಸಿದರು. ಹೆಬ್ಬೆರಳು ನೋಡುತ್ತ ತಲೆ ಆಡಿಸುವುದು, ದಿಂಬಿನ ಮೇಲೆ ನಿಲ್ಲುವುದು. ದಿಂಬು ಹಾಳಾದಷ್ಟು ರೆಫರಿ ಸುಧಾರಿಸಲಿಲ್ಲ. ಕೊನೆಗೆ ಆ ಡಾಕ್ಟರೇ ಒಂದು ದೊಡ್ಡ ಆಸ್ಪತ್ರೆಗೆ ಕಳಿಸಿಕೊಟ್ಟರು. ಅಲ್ಲಿ ಇಂಥವರಿಗಾಗಿಯೇ ಒಂದು ಹೊಸ ಸಾಧನವನ್ನು ಪ್ರಯೋಗ ಮಾಡಿ ನೋಡುತ್ತಿದ್ದರು.

ಅಲ್ಲಿನ ಶಸ್ತ್ರಚಿಕಿತ್ಸೆಯ ಡಾಕ್ಟರು ಸಣ್ಣ ಆಳಿನ, ಆದರೆ ಗಟ್ಟಿ ದನಿಯ ಹೆಂಗಸು. ಕಿವಿಯ ಹಿಂದೆ ಚರ್ಮದಡಿ ಒಂದು ಬಿಲ್ಲೆ, ಅದರಿಂದ ಕೂದಲೆಳೆಯಂಥ ತಂತಿಗಳು ಆ ಮೂರು ಕೊಳವೆಗಳೊಳಗೆ. ಹೊರಗೆ ಅಯಸ್ಕಾಂತದಿಂದ ತಲೆಗೆ ಅಂಟಿಕೊಳ್ಳುವ ಇನ್ನೊಂದು ಬಿಲ್ಲೆ. ತಲೆಯ ಚಲನೆಯನ್ನು ಅಳೆಯುವ ಯಂತ್ರವೊಂದು ಆ ಲೆಕ್ಕವನ್ನು ಮಿಡಿತಗಳಾಗಿ ಮಾಡಿ ನರಕ್ಕೆ ಕಳಿಸುತ್ತದೆ. ಎಷ್ಟರಮಟ್ಟಿಗೆ ಗುಣವಾಗುತ್ತದೆ ಎಂದು ಯಾರೂ ಮಾತು ಕೊಡಲಾರರು. ಒಂದು ಮಾತನ್ನು ಮಾತ್ರ ಅವರು ಎರಡೆರಡು ಸಲ ಹೇಳಿದರು: ತಂತಿ ಹಾಕಿದ ಕಿವಿಯಲ್ಲಿ ಕೇಳುವ ಶಕ್ತಿ ಕಡಿಮೆಯಾಗಬಹುದು, ಪೂರ್ತಿ ಹೋಗಲೂಬಹುದು. ಪರೀಕ್ಷೆಯಲ್ಲಿ ಎರಡೂ ಕಿವಿ ಒಂದೇ ಥರ ಬಂದಿವೆ, ಯಾವ ಕಡೆ ಹಾಕೋಣ ಎಂದು ಕೇಳಿದರು.

ರೆಫರಿ ಯೋಚಿಸುತ್ತಿರುವಾಗಲೇ ಹೆಂಡತಿ ಹೇಳಿದಳು. "ಎಡಗಡೆಗೆ ಹಾಕಿ ಡಾಕ್ಟ್ರೇ. ನಾನು ಮಾತಾಡೋದೆಲ್ಲ ಆ ಕಿವಿಗೇನೇ. ಅದು ಯಾವತ್ತೋ ಕೆಟ್ಟಿದೆ."

ಡಾಕ್ಟರು ನಗು ತಡೆದುಕೊಂಡು ಅವನ ಮುಖ ನೋಡಿದರು. ತೀರ್ಪು ಎಂದೂ ಬೇರೆಯವರ ಬಾಯಿಂದ ಬರಗೊಡದ ಮನುಷ್ಯ, ಆಗಲಿ ಎಂದು ತಲೆಯಾಡಿಸಿದ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಅವನ ಎಡಕ್ಕೇ ಕೂತಿದ್ದಳು. ಅರ್ಧ ದಾರಿಗೆ ಬಂದಾಗ ಮೆಲ್ಲಗೆ ಕೇಳಿದಳು. "ನಿಜವಾಗ್ಲೂ ಕೇಳಿಸದೆ ಹೋದ್ರೆ?"

"ಬಲಗಡೆ ಬಂದು ಕೂತ್ಕೋ."

ಅವಳು ಅವನ ತೋಳಿಗೆ ಒಂದು ಗುದ್ದು ಕೊಟ್ಟಳು. ಕೈಯನ್ನು ಮಾತ್ರ ಅಲ್ಲೇ ಬಿಟ್ಟಳು.

ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಆಯಿತು. ಎಡಗಿವಿಯಲ್ಲಿ ಹಕ್ಕಿಯ ದನಿಯಂಥ ಸಣ್ಣ ಸದ್ದುಗಳು ಮಸುಕಾದವು, ದಪ್ಪ ದನಿಗಳು ಉಳಿದವು. ಹೆಂಡತಿಯ ದನಿ ಇವೆರಡರ ನಡುವೆ ಎಲ್ಲಿಯೋ ಬರುತ್ತಿತ್ತು, ಹಾಗಾಗಿ ಅದು ಅವನ ಅನುಕೂಲದ ಮೇಲೆ ಕೇಳಿಸುತ್ತಿತ್ತು. ಗಾಯ ಮಾಯುವವರೆಗೆ ಕಾದು, ಆಮೇಲೆ ಯಂತ್ರ ಚಾಲೂ ಮಾಡುವ ದಿನ ಕರೆದರು.

ಕಿಟಕಿಯಿಲ್ಲದ ಕೋಣೆ, ಮೇಜಿನ ಮೇಲೆ ಕಂಪ್ಯೂಟರು, ಅದರ ಹಿಂದೆ ಒಬ್ಬಳು ತಂತ್ರಜ್ಞೆ. ಅವಳು ಅವನ ಕಿವಿಯ ಹಿಂದೆ ಬಿಲ್ಲೆಯನ್ನು ತಂದಾಗ ಅದು ಟಕ್ಕೆಂದು ತಾನೇ ಹೋಗಿ ಕೂತಿತು. ಮೊದಲು ಬರೀ ಒಂದೇ ಸಮನೆ ಮಿಡಿತ ಕಳಿಸುತ್ತೇನೆ, ಸ್ವಲ್ಪ ಹೊತ್ತು ತಿರುಗಿದ ಹಾಗಾಗುತ್ತದೆ, ಕುರ್ಚಿ ಹಿಡಿದುಕೊಳ್ಳಿ ಎಂದಳು. ಸ್ವಲ್ಪವೇ? ಕೋಣೆ ಗಾಣದ ಎತ್ತಿನಂತೆ ಸುತ್ತತೊಡಗಿತು. ಗೋಡೆಯ ಚಿತ್ರ, ಬಾಗಿಲು, ಹೆಂಡತಿ, ಮತ್ತೆ ಚಿತ್ರ, ಬಾಗಿಲು, ಹೆಂಡತಿ. ರೆಫರಿ ಕುರ್ಚಿಯ ಕೈಗಳನ್ನು ಬಿಗಿಹಿಡಿದು, ಬೆವರುತ್ತ, ಹೊಟ್ಟೆಯಲ್ಲಿದ್ದದ್ದು ಮೇಲೆ ಬರದಂತೆ ಹಲ್ಲು ಕಚ್ಚಿ ಕೂತ. ಹೀಗೇ ಉಳಿದುಬಿಟ್ಟರೆ ಎಂಬ ಭಯಕ್ಕೆ ಕಣ್ಣಲ್ಲಿ ನೀರೇ ಬಂತು. ಆದರೆ ಮೆದುಳು ಎಂಬುದು ಹೊಸ ಬಾಡಿಗೆದಾರನಿಗೆ ಗೊಣಗುತ್ತಲೇ ಜಾಗ ಕೊಡುವ ಮನೆಯೊಡೆಯನ ಹಾಗೆ. ತಿರುಗುವುದು ನಿಧಾನವಾಯಿತು, ಆಮೇಲೆ ನಿಂತಿತು.

ಆಗ ತಂತ್ರಜ್ಞೆ ಚಲನೆಯ ಲೆಕ್ಕವನ್ನು ಜೋಡಿಸಿದಳು. ಚಿತ್ರ ನೋಡುತ್ತ ತಲೆ ಆಡಿಸಿ ಎಂದಳು. ಚಿತ್ರ ಓರೆಯಾಗಿ ಜಾರಿತು. ಅವಳು ಏನೋ ಒತ್ತಿದಳು. ಈಗ ಸ್ವಲ್ಪ ಕಡಿಮೆ ಜಾರಿತು. ಹೀಗೆ ಎಷ್ಟೋ ಹೊತ್ತು ನಡೆಯಿತು. ಮತ್ತೆ ಮತ್ತೆ ಹೋಗಿ ಬಂದು ತಿದ್ದಿಸಿಕೊಂಡದ್ದೂ ಆಯಿತು. ಒಂದು ದಿನ ಅವಳು, ಎದ್ದು ಕಾರಿಡಾರಿನಲ್ಲಿ ನಡೆದು ನೋಡಿ ಎಂದಳು.

ಉದ್ದನೆಯ ಕಾರಿಡಾರು. ಹೆಂಡತಿ ಕೈಚೀಲ ಹಿಡಿದು ಎದುರಿನಿಂದ ಬರುತ್ತಿದ್ದಳು. ರೆಫರಿ ಹೆಜ್ಜೆ ಇಟ್ಟ, ಮತ್ತೊಂದು ಇಟ್ಟ, ನಡೆದ. ಅವಳ ಮುಖ ಇದ್ದಲ್ಲೇ ಇತ್ತು. ಒಂದಿಷ್ಟು ನಡುಗಿತು, ಅಷ್ಟೆ. ಮೂಗು ಮೂಗಿನ ಜಾಗದಲ್ಲಿ, ಕಣ್ಣು ಕಣ್ಣಿನ ಜಾಗದಲ್ಲಿ. ತಾನು ನಡೆಯುತ್ತಿದ್ದಾಗ ಅವಳ ಮುಖವನ್ನು ನೋಡಿ ಎಷ್ಟು ಕಾಲವಾಗಿತ್ತೆಂದು ಅವನಿಗೆ ಆಗ ಹೊಳೆಯಿತು. ಏನಾದರೂ ಹೇಳಲೇಬೇಕು ಅನ್ನಿಸಿ, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ.

"ನಿನಗೆ ಕಿವಿ ಹತ್ರ ಕೂದಲು ಬೆಳ್ಳಗಾಗಿದೆಯಲ್ಲೇ."

ಹೆಂಡತಿ ಅಲ್ಲೇ ನಿಂತು, ಅವನ ಹಿಂದೆ ಬಾಗಿಲಲ್ಲಿದ್ದ ತಂತ್ರಜ್ಞೆಗೆ ಹೇಳಿದಳು. "ಅದನ್ನ ಆಫ್ ಮಾಡಮ್ಮ."

ಅಷ್ಟು ಹೇಳಿ ಕೈಚೀಲದಲ್ಲಿ ಕರವಸ್ತ್ರ ಹುಡುಕತೊಡಗಿದಳು. ಅದು ಬೇಗ ಸಿಗಲಿಲ್ಲ. ಇಬ್ಬರೂ ಮೂಗು ಒರೆಸಿಕೊಳ್ಳಲು ಒಂದೇ ಕರವಸ್ತ್ರ ಸಾಕಾಯಿತು.

ಹಾಗಂತ ಎಲ್ಲ ಹಾಲು ಸಕ್ಕರೆಯಾಗಿ ಹೋಯಿತು ಎಂದಲ್ಲ. ಯಂತ್ರಕ್ಕೆ ಚಾರ್ಜು ಹಾಕಬೇಕು, ಮರೆತರೆ ಮತ್ತೆ ಕುಣಿತ. ಬಿಲ್ಲೆಯನ್ನು ಬಿಚ್ಚಿ ಕೆಲಸದ ಮೇಜಿನ ಮೇಲಿಟ್ಟರೆ ಕನ್ನಡಕದ ಸಣ್ಣ ಸ್ಕ್ರೂಗಳೆಲ್ಲ ಹೋಗಿ ಕಚ್ಚಿಕೊಳ್ಳುವವು. ನೋಡದೆ ತೊಟ್ಟುಕೊಂಡು ಊಟಕ್ಕೆ ಬಂದರೆ, "ಸ್ಕ್ರೂ ಲೂಸು ಅಂತಿದ್ರು ಜನ, ಈಗ ಎಕ್ಸ್‌ಟ್ರಾನೇ ಇದೆ" ಎಂದು ಹೆಂಡತಿ ಒಂದೊಂದಾಗಿ ಕೀಳುವಳು. ಆದರೆ ಗೋಡೆ ಹಿಡಿಯುವುದು ತಪ್ಪಿತು. ಮುಸ್ಸಂಜೆಯಲ್ಲೂ ಒಬ್ಬನೇ ಬೀದಿಗೆ ಹೋಗಿ ಬಂದ.

ಹಾಗಿರುವಾಗ ಸೀಟಿಯ ನೆನಪು ಬಾರದೆ ಇರುತ್ತದೆಯೇ? ಓಡಬಹುದು, ಆದರೆ ಚೆಂಡು ಮಾತ್ರ ತಲೆಗೆ ಬಡಿಯಬಾರದು ಎಂದು ಡಾಕ್ಟರು ಹೇಳಿದ್ದರು. ಹೆಂಡತಿಗೆ ತಿಳಿಸದೆ ಅವನು ಲೀಗಿನವರ ಬಳಿ ಹೋಗಿ, ರೆಫರಿಗಳಿಗೆ ಇಡುವ, ಚೆಂಡಿನ ಹಿಂದೆ ಓಡುವ ಪರೀಕ್ಷೆಗೆ ನಿಂತ. ನೇರ ಓಡಿದಾಗ ಚೆಂಡು ಒಂದೇ ಇತ್ತು, ದುಂಡಗಿತ್ತು. ಅವನ ಎದೆ ಹಿಗ್ಗಿತು. ಅಷ್ಟರಲ್ಲಿ ಚೆಂಡು ಫಕ್ಕನೆ ಬೇರೆ ಕಡೆ ಹೋಯಿತು, ಅವನೂ ಓಡುತ್ತಲೇ ತಲೆ ತಿರುಗಿಸಿದ. ಕಣ್ಣು ಹಿಡಿದುಕೊಳ್ಳುವಷ್ಟರಲ್ಲಿ ಮೈದಾನ ಒಂದು ಕ್ಷಣ ಕಲಸಿಕೊಂಡು ಆಮೇಲೆ ನಿಂತಿತು. ಮತ್ತೆ ಓಡಿ ನೋಡಿದ. ಮತ್ತೆ ಅದೇ ಒಂದು ಕ್ಷಣ. ಪರೀಕ್ಷೆಯವರು ತಮ್ಮತಮ್ಮಲ್ಲಿ ಗುಸುಗುಸು ಮಾತಾಡುತ್ತಿದ್ದರು. ಪಾಸು ಮಾಡುವ ಮನಸ್ಸು ಅವರಿಗೆ ಇತ್ತೋ ಏನೋ. ಅವರು ಬಾಯಿ ತೆರೆಯುವ ಮುಂಚೆ ರೆಫರಿಯೇ ಹೇಳಿದ: "ಬೇಡ. ಲೀಗಿಗೆ ಇದು ಸಾಲದು. ಆ ಒಂದು ಕ್ಷಣದಲ್ಲೇ ಎಲ್ಲ ಫೌಲೂ ಆಗೋದು."

ಮನೆಗೆ ಬಂದು ಹಿಂದಿನ ಕೋಣೆ ಸೇರಿ ಗಾಜು ಉಜ್ಜತೊಡಗಿದ. ಹೆಂಡತಿಗೆ ಯಾರೋ ಆಗಲೇ ಹೇಳಿದ್ದರು. ಅವಳು ಕಾಫಿ ತಂದಿಟ್ಟು, ಅವನು ಉಜ್ಜುತ್ತಿದ್ದ ಗಾಜಿನಲ್ಲಿ ಅಂಚು ತಪ್ಪಿದೆ ಎಂದು ಮಾತ್ರ ಹೇಳಿದಳು.

ದಾರಿ ತೋರಿಸಿದವನು ಬಾಮೈದ. ಅವನು ತನ್ನಂತೆ ಮೊಣಕಾಲು ಸವೆದ, ಹೊಟ್ಟೆ ಬಂದ, ಸೊಂಟ ಹಿಡಿದ ಗಂಡಸರು ಹೆಂಗಸರನ್ನೆಲ್ಲ ಕೂಡಿಹಾಕಿ ನಡಿಗೆ ಫುಟ್‌ಬಾಲಿನ ಎರಡು ತಂಡ ಕಟ್ಟಿದ್ದ. ಈ ಆಟದಲ್ಲಿ ಯಾರೂ ಓಡುವಂತಿಲ್ಲ. ಒಂದು ಕಾಲಾದರೂ ನೆಲದ ಮೇಲೆ ಇರಲೇಬೇಕು, ಚೆಂಡು ತಲೆಯೆತ್ತರಕ್ಕೆ ಏಳಬಾರದು. ಓಡಿದರೆ ಫೌಲು. ಭಾವನೇ ರೆಫರಿಯಾಗಬೇಕು ಎಂದು ಕೇಳಿದ. ರೆಫರಿಗೆ ಉರಿದುಹೋಯಿತು. ನಡೆಯುವವರನ್ನು ನೋಡಿಕೊಳ್ಳಲು ರೆಫರಿ ಯಾಕೆ, ದಾರಿ ದಾಟಿಸುವ ಪೊಲೀಸು ಸಾಕು ಎಂದ.

"ಅಲ್ಲ ಭಾವ, ಒಬ್ರೂ ನಡೀತಿಲ್ಲ" ಎಂದ ಬಾಮೈದ ದುಃಖದಿಂದ. "ಎಲ್ಲ ಕದ್ದು ಓಡ್ತಾರೆ. ಕೇಳಿದ್ರೆ ನಡೀತಿದ್ದೆ ಅಂತಾರೆ. ಹೋದ ವಾರ ಹೊಡೆದಾಟ ಒಂದು ಆಗಿಲ್ಲ, ಅಷ್ಟೆ. ಕಟ್ಟುನಿಟ್ಟಿನೋರು ಒಬ್ರು ಬೇಕು."

ಕಟ್ಟುನಿಟ್ಟು ಎಂಬ ಮಾತು ಎಲ್ಲಿ ನಾಟಬೇಕೋ ಅಲ್ಲಿ ನಾಟಿತು. ಮುಂದಿನ ಭಾನುವಾರ ಕಪ್ಪು ಅಂಗಿ ತೊಟ್ಟು ಹೋಗಿ ನೋಡಿದರೆ, ಬಾಮೈದನ ಎದುರು ತಂಡದ ಗೋಲಿನ ಮುಂದೆ ದೊಡ್ಡ ಕೈಗವಸು ತೊಟ್ಟು ಅವನ ಹೆಂಡತಿ ನಿಂತಿದ್ದಳು. ಮನೆಯಲ್ಲಿ ಒಂದು ಮಾತೂ ಹೇಳಿರಲಿಲ್ಲ.

ಆಟ ಶುರುವಾಯಿತು. ಇಪ್ಪತ್ತು ವರ್ಷ ಚೆಂಡನ್ನು ನೋಡಿದವನು ಈಗ ಕಾಲುಗಳನ್ನು ನೋಡಬೇಕಾಗಿತ್ತು. ನಡೆಯುತ್ತಲೇ ಅತ್ತ ನೋಡಿದ, ಇತ್ತ ನೋಡಿದ. ಕಾಲುಗಳು ಕಾಲುಗಳಾಗಿಯೇ ಕಂಡವು. ತನಗೆ ಹಿತವಾದ ವೇಗದಲ್ಲೇ ಇಡೀ ಆಟ ನಡೆಯುತ್ತಿರುವುದು ತಿಳಿದು ಅವನ ಹೆಗಲು ಸಡಿಲವಾಯಿತು. ಮೊದಲ ಸೀಟಿ ಬಾಮೈದನ ಮೇಲೆಯೇ ಬಿತ್ತು. ಎರಡೂ ಕಾಲು ಗಾಳಿಯಲ್ಲಿದ್ದವು. ಬಾಮೈದ ದೇವರಾಣೆಗೂ ನಡೆದೆ ಎಂದ. ರೆಫರಿ ಫೌಲಾದ ಜಾಗ ತೋರಿಸಿದ. ಸುತ್ತ ನಿಂತವರಲ್ಲಿ ಯಾರೋ, ಕನ್ನಡಕ ಹಾಕ್ಕೋ ಮಾರಾಯ ಎಂದು ಕೂಗಿದರು. ಅದನ್ನು ಕೇಳಿ ಅವನಿಗೆ ಆದ ಸುಖವನ್ನು ಯಾರಿಗೂ ಹೇಳಿಕೊಳ್ಳುವ ಹಾಗಿರಲಿಲ್ಲ.

ಆಟ ಮುಗಿಯುವ ಹೊತ್ತಿಗೆ ಚೆಂಡೊಂದು ಗೋಲಿನತ್ತ ಉರುಳಿ ಬಂತು. ಹೆಂಡತಿ ಗೆರೆ ಬಿಟ್ಟು ಮುನ್ನುಗ್ಗಿ ಅದನ್ನು ಒದ್ದು ಕಳಿಸಿದಳು. ರೆಫರಿ ತಲೆ ತಿರುಗಿಸಿದ. ನೋಟ ಒಂದಿಷ್ಟು ಜಾರಿ ನಿಂತಿತು. ನಿಂತಾಗ ಕಂಡದ್ದು, ನೆಲ ಬಿಟ್ಟ ಅವಳ ಎರಡು ಪಾದಗಳು. ಸೀಟಿ ಊದಿ ಪೆನಾಲ್ಟಿ ಎಂದ.

"ನಾನು ಓಡಲಿಲ್ಲ ರೀ. ಬೇಗ ನಡ್ದೆ."

"ಎರಡೂ ಕಾಲು ಮೇಲಿದ್ವು."

"ನೋಡಿದ್ರಾ?"

"ನೋಡ್ದೆ."

ಅವಳು ಅವನ ಮುಖವನ್ನೊಮ್ಮೆ ಚೆನ್ನಾಗಿ ನೋಡಿ, ಮೂಗಿನಲ್ಲೇ ನಕ್ಕು, ಹೋಗಿ ಗೆರೆಯ ಮೇಲೆ ನಿಂತಳು. ಪೆನಾಲ್ಟಿ ಒದ್ದವನು ಅವಳ ತಮ್ಮನೇ. ಚೆಂಡು ಸೀದಾ ಬಂದು ಅವಳ ಹೊಟ್ಟೆಗೆ ಬಡಿಯಿತು, ಅವಳು ಅದನ್ನು ಅಪ್ಪಿಕೊಂಡು ಕೂತುಬಿಟ್ಟಳು. ಗೋಲಾಗಲಿಲ್ಲ. ಅಕ್ಕನಿಗೆ ಪೆಟ್ಟಾಯಿತೇನೋ ಎಂದು ಬಾಮೈದ ಓಡಿ ಬಂದ. ರೆಫರಿ ಅದಕ್ಕೂ ಸೀಟಿ ಊದಿದ.

ಸಂಜೆ ಇಬ್ಬರೂ ಮನೆಗೆ ಹೊರಟರು. ಬೀದಿದೀಪ ಇನ್ನೂ ಹತ್ತಿರಲಿಲ್ಲ, ಕಾಲುದಾರಿಯ ಕಲ್ಲುಗಳು ಅಲ್ಲಲ್ಲಿ ಕಿತ್ತಿದ್ದವು. ಹೆಂಡತಿ ಅವನ ತೋಳು ಹಿಡಿದುಕೊಂಡಳು. ಇನ್ನೂ ನನ್ನನ್ನು ನಂಬುವುದಿಲ್ಲವಲ್ಲ ಎಂದು ಅವನಿಗೆ ಸ್ವಲ್ಪ ಬೇಸರವಾಯಿತು.

"ಬಿಡೇ, ನಾನೇ ನಡೀತೀನಿ."

"ನಿಮಗಲ್ಲ ರೀ, ನನಗೆ. ತೊಡೆ ಹಿಡ್ಕೊಂಡಿದೆ. ಕೂತು ಕಣ್ಣು ನೋಡೋಳಿಗೆ ಇದೆಲ್ಲ ಬೇಕಿತ್ತಾ?"

ದಾರಿಯುದ್ದಕ್ಕೂ ಅವಳು ಆ ಪೆನಾಲ್ಟಿ ಹೇಗೆ ತಪ್ಪು ಎಂದು ಬಿಡಿಸಿ ಬಿಡಿಸಿ ಹೇಳುತ್ತಲೇ ಬಂದಳು. ಅವನು ಹೂಂ ಎನ್ನುತ್ತ, ಕಲ್ಲು ಕಿತ್ತ ಕಡೆಯಲ್ಲೆಲ್ಲ ಅವಳನ್ನು ಬಳಸಿ ನಡೆಸಿದ. ಮನೆಯ ಮೆಟ್ಟಿಲು ಹತ್ತುವಾಗ ಅವಳು ನಡುವೆ ನಿಂತು ಉಸಿರು ತೆಗೆದುಕೊಂಡಳು. ಅವನು ಕೆಳಗಿನ ಮೆಟ್ಟಿಲಲ್ಲಿ, ಎಲ್ಲೂ ಕೈಯೂರದೆ, ಕಾದು ನಿಂತ.